ವಿಕಟಕವಿಯನ್ನು ಒಪ್ಪದ ಕಂಪ್ಯೂಟರ್

ಕೋಡಿಂಗ್ ಕಲಿಯಲು ಕೂತವರಿಗೆಲ್ಲ ಮೊದಲ ವಾರದಲ್ಲೇ ಎದುರಾಗುವ ಒಂದು ಲೆಕ್ಕವಿದೆ. ಯಾವುದೋ ಪದ ಕೊಟ್ಟರೆ, ಅದನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇನಾ ಅಂತ ಕಂಪ್ಯೂಟರ್ ಹೇಳಬೇಕು. ಇಂಗ್ಲಿಷ್ ಪಾಠಗಳಲ್ಲಿ ‘ಮೇಡಂ’ ಎಂಬ ಪದ ಕೊಟ್ಟು ತೋರಿಸುತ್ತಾರೆ. ಪೈಥಾನ್ ಭಾಷೆಯಲ್ಲಿ ಇದು ಒಂದೇ ಸಾಲಿನ ಕೆಲಸ. ಪದವನ್ನು ತಿರುಗಿಸು, ಮೊದಲಿನದರ ಪಕ್ಕ ಇಟ್ಟು ನೋಡು, ಅಷ್ಟೇ. ನಾನು ಕೊಟ್ಟ ಪದ ‘ವಿಕಟಕವಿ’. ತೆನಾಲಿ ರಾಮನ ಕಥೆ ಕೇಳಿ ಬೆಳೆದ ಯಾವ ಮಗುವಾದರೂ ಇದಕ್ಕೆ ಹೌದು ಅನ್ನುತ್ತದೆ. ಕಂಪ್ಯೂಟರ್ ‘ಫಾಲ್ಸ್’ ಅಂತು.

ತಪ್ಪು ನನ್ನದೇ ಇರಬೇಕು ಅಂದುಕೊಂಡೆ. ನಾನು ಬಿಇ ಓದಿದವನಲ್ಲ, ಬಿಸಿಎ ಕೂಡ ಅಲ್ಲ. ಕನ್ನಡ ಎಂಎ ಮುಗಿಸಿ ಇಪ್ಪತ್ತು ವರ್ಷದಿಂದ ಶಿವಮೊಗ್ಗದಲ್ಲಿ ಕರಡು ತಿದ್ದುತ್ತಾ, ವಾರಕ್ಕೊಂದು ಪದಬಂಧ ಹೆಣೆಯುತ್ತಾ ಇರುವವನು. ಪದಬಂಧಕ್ಕೆ ಪದ ಹುಡುಕುವುದೇ ದೊಡ್ಡ ತಲೆನೋವು. ಐದು ಮನೆ, ಎರಡನೆಯದು ‘ಕ’, ಕೊನೆಯದು ‘ಲು’ ಅಂತ ಯೋಚಿಸುತ್ತಾ ಅರ್ಧ ರಾತ್ರಿ ಕಳೆದದ್ದುಂಟು. ಇದನ್ನು ಕಂಪ್ಯೂಟರಿಗೆ ವಹಿಸಬಹುದಲ್ಲ ಎಂಬ ಆಸೆಯಿಂದ ನಲವತ್ತನಾಲ್ಕನೇ ವಯಸ್ಸಿನಲ್ಲಿ ಪೈಥಾನ್ ಹಿಡಿದೆ. ಕೆಲಸ ಬದಲಿಸುವ ಉದ್ದೇಶ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ವಿಕಟಕವಿಯನ್ನು ಯಾಕೆ ಒಪ್ಪಲಿಲ್ಲ ಅಂತ ತಿಳಿಯಲು, ತಿರುಗಿಸಿದ ಪದವನ್ನೇ ಪರದೆಗೆ ತರಿಸಿದೆ. ಮೊದಲು ಯಾವ ಅಕ್ಷರಕ್ಕೂ ಅಂಟದ ಒಂದು ಒಂಟಿ ಗುಡಿಸು, ಅದರ ಹಿಂದೆ ‘ವಕಟಕಿವ’. ನೋಡಿ ನಗು ಬಂತು. ಕಂಪ್ಯೂಟರಿಗೆ ‘ವಿ’ ಎಂಬುದು ಒಂದು ಅಕ್ಷರವಲ್ಲ. ‘ವ’ ಒಂದು, ಅದರ ಗುಡಿಸು ಇನ್ನೊಂದು. ನಮ್ಮ ಕಣ್ಣಿಗೆ ಐದಕ್ಷರದ ವಿಕಟಕವಿ ಅದರ ಲೆಕ್ಕದಲ್ಲಿ ಏಳು. ‘ಕನಕ’ ಕೊಟ್ಟರೆ ಸರಿ ಅನ್ನುತ್ತದೆ, ಗುಣಿತ ಇಲ್ಲವಲ್ಲ. ‘ನವಜೀವನ’ ಕೊಟ್ಟರೆ ‘ನವೀಜವನ’ ಮಾಡಿಕೊಂಡು ತಪ್ಪು ಅನ್ನುತ್ತದೆ. ‘ಸ್ತ್ರೀ’ ಎಷ್ಟು ಉದ್ದ ಅಂತ ಕೇಳಿದರೆ ಆರು ಅನ್ನುತ್ತದೆ.

ಆರು ಎಂಬ ಅಂಕಿ ನೋಡಿದ ಮೇಲೆ ಸ್ವಲ್ಪ ಹೊತ್ತು ಕೈ ಆಡಲಿಲ್ಲ. ಕಾರಣ, ಈ ಆರು ನನಗೆ ಹೊಸದಲ್ಲ. ‘ನುಡಿ’ ತಂತ್ರಾಂಶದಲ್ಲಿ ‘ಸ್ತ್ರೀ’ ಬರೆಯಲು ನನ್ನ ಬೆರಳು ಒತ್ತುವುದು ಎಸ್, ಎಫ್, ಟಿ, ಎಫ್, ಆರ್, ಆಮೇಲೆ ಶಿಫ್ಟ್ ಹಿಡಿದು ಐ. ಆರು ಅಕ್ಷರಕ್ಕೆ ಆರು ಒತ್ತು. ‘ಕನ್ನಡ’ಕ್ಕೆ ಕೆ, ಎನ್, ಎಫ್, ಎನ್, ಡಬ್ಲ್ಯೂ; ಐದು. ಕಂಪ್ಯೂಟರೂ ಐದೇ ಅನ್ನುತ್ತದೆ. ಆ ಎಫ್ ಕೀಲಿ ಒತ್ತಿದಾಗ ಬೀಳುವ ‘್’ ಚಿಹ್ನೆಯೇ ಒತ್ತಕ್ಷರದ ಕೊಂಡಿ. ಯೂನಿಕೋಡ್‌ನಲ್ಲೂ ಅದಕ್ಕೊಂದು ಪ್ರತ್ಯೇಕ ಸಂಖ್ಯೆ ಇದೆ. ಕನ್ನಡದ ಅಕ್ಷರಗಳು ಗಣಕದೊಳಗೆ ಹೇಗೆ ಕೂತಿವೆ ಎಂಬುದನ್ನು ಇಪ್ಪತ್ತು ವರ್ಷದಿಂದ ನನ್ನ ಬೆರಳುಗಳು ಬಲ್ಲವಾಗಿದ್ದವು, ತಲೆಗೆ ಮಾತ್ರ ಗೊತ್ತಿರಲಿಲ್ಲ.

ಈ ಕೀಲಿಮಣೆಯ ವಿನ್ಯಾಸ ಕೆ.ಪಿ. ರಾವ್ ಅವರದ್ದು. ಪೂರ್ತಿ ಹೆಸರು ಕಿನ್ನಿಕಂಬಳ ಪದ್ಮನಾಭ ರಾವ್. ಹುಟ್ಟಿದ್ದು 1940ರಲ್ಲಿ. ಅವರು ಕಾಲೇಜಿಗೆ ಹೋಗುವ ಹೊತ್ತಿಗೆ ಕಂಪ್ಯೂಟರ್ ಸೈನ್ಸ್ ಎಂಬ ಪದವಿ ನಮ್ಮ ದೇಶದಲ್ಲಿ ಇರಲೇ ಇಲ್ಲ. ಕಾಗುಣಿತ ಎಂದರೆ ವ್ಯಂಜನದ ಮೇಲೆ ಸ್ವರ ಏರುವುದು, ಒತ್ತು ಎಂದರೆ ವ್ಯಂಜನಕ್ಕೆ ವ್ಯಂಜನ ಕೊಂಡಿ ಹಾಕಿಕೊಳ್ಳುವುದು ಎಂಬ ವ್ಯಾಕರಣದ ತಿಳಿವಳಿಕೆಯೇ ಅವರ ವಿನ್ಯಾಸದ ತಳಹದಿ. ತಾವು ಮಾಡಿದ ತಂತ್ರಾಂಶಕ್ಕೆ ಅವರು ‘ಸೇಡಿಯಾಪು’ ಅಂತ ಹೆಸರಿಟ್ಟರು, ಪಂಡಿತ ಸೇಡಿಯಾಪು ಕೃಷ್ಣ ಭಟ್ಟರ ನೆನಪಿಗೆ. ಒಬ್ಬ ಛಂದಸ್ಸಿನ, ಭಾಷೆಯ ವಿದ್ವಾಂಸನ ಹೆಸರು ತಂತ್ರಾಂಶಕ್ಕೆ! ಮುಂದೆ ಕನ್ನಡ ಗಣಕ ಪರಿಷತ್ತು ‘ನುಡಿ’ ತಂದಾಗ ಅದರ ಕೀಲಿಮಣೆಗೂ ಇದೇ ಆಧಾರವಾಯಿತು. 2013ರಲ್ಲಿ ಹಂಪಿ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಕೊಟ್ಟಿತು.

ಹೀಗೆ ಕಂಪ್ಯೂಟರ್ ಪದವಿ ಇಲ್ಲದೆ ಕನ್ನಡವನ್ನು ಗಣಕಕ್ಕೆ ತಂದ ಇನ್ನೊಬ್ಬರು ಯು.ಬಿ. ಪವನಜ. ಓದಿದ್ದು ರಸಾಯನಶಾಸ್ತ್ರ, ಪಿಎಚ್‌ಡಿಯೂ ಅದರಲ್ಲೇ. ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದವರು. 1996ರಲ್ಲಿ, ನಮ್ಮೂರಲ್ಲಿ ಇಂಟರ್‌ನೆಟ್ ಎಂಬ ಪದವೇ ಪತ್ರಿಕೆಯಲ್ಲಿ ಓದುವ ಸಂಗತಿಯಾಗಿದ್ದಾಗ, ‘ವಿಶ್ವಕನ್ನಡ’ ಎಂಬ ಅಂತರ್ಜಾಲ ಪತ್ರಿಕೆ ಶುರು ಮಾಡಿದರು. ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸಲೆಂದು 1967ರಲ್ಲಿ ಅಮೆರಿಕದಲ್ಲಿ ಹುಟ್ಟಿದ ‘ಲೋಗೋ’ ಭಾಷೆಯನ್ನು ಕನ್ನಡಕ್ಕೆ ತಂದವರೂ ಅವರೇ. ಪರದೆಯ ಮೇಲೊಂದು ಆಮೆ. ಮುಂದೆ ಹೋಗು, ಬಲಕ್ಕೆ ತಿರುಗು ಅಂತ ಕನ್ನಡದಲ್ಲಿ ಹೇಳಿದರೆ ಗೆರೆ ಎಳೆಯುತ್ತಾ ಹೋಗುತ್ತದೆ. ಒಂದು ಅಣುವಿಜ್ಞಾನ ಕೇಂದ್ರದ ರಸಾಯನ ವಿಜ್ಞಾನಿ ಆಮೆಗೆ ಕನ್ನಡ ಕಲಿಸುತ್ತಾರೆ ಎಂಬುದು ನನಗೆ ಇಂದಿಗೂ ಖುಷಿ ಕೊಡುವ ವಿಚಾರ.

ಪದವಿ ಇಲ್ಲದೆ ಕೋಡಿಂಗ್ ಕಲಿಯಬಹುದೇ ಎಂದು ಕೇಳುವವರಿಗೆ ಚರಿತ್ರೆ ಒಂದು ತಮಾಷೆಯ ಉತ್ತರ ಕೊಡುತ್ತದೆ. ಮೊದಲು ಕಲಿತವರಿಗೆ ಯಾರಿಗೂ ಕಂಪ್ಯೂಟರ್ ಪದವಿ ಇರಲಿಲ್ಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸೈನ್ಸ್ ವಿಭಾಗ ಶುರುವಾದದ್ದು 1962ರಲ್ಲಿ. ಆ ದೇಶದಲ್ಲಿ ಅದೇ ಮೊದಲನೆಯದು. ಅದಕ್ಕೂ ಹತ್ತು ವರ್ಷ ಮುಂಚೆ, 1952ರಲ್ಲಿ, ಗ್ರೇಸ್ ಹಾಪರ್ ಕಂಪೈಲರ್ ಬರೆದಾಗಿತ್ತು. ಅಂದರೆ ಮನುಷ್ಯರು ಬರೆದ ಸೂಚನೆಗಳನ್ನು ಯಂತ್ರದ ಸಂಕೇತಕ್ಕೆ ತಿರುಗಿಸುವ ಪ್ರೋಗ್ರಾಂ. ಆಕೆ ಗಣಿತದಲ್ಲಿ ಡಾಕ್ಟರೇಟ್ ಪಡೆದ ಮೇಡಂ. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು, ಯುದ್ಧದ ಕಾಲಕ್ಕೆ ನೌಕಾಪಡೆ ಸೇರಿ ಕಂಪ್ಯೂಟರ್ ಮುಂದೆ ಕೂತರು. ಚಂದ್ರನ ಮೇಲೆ ಇಳಿದ ಅಪೋಲೋ ನೌಕೆಯ ತಂತ್ರಾಂಶ ತಂಡವನ್ನು ನಡೆಸಿದ ಮಾರ್ಗರೆಟ್ ಹ್ಯಾಮಿಲ್ಟನ್ ಓದಿದ್ದೂ ಗಣಿತ. ನಮ್ಮಲ್ಲಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು 1960ರಲ್ಲಿ ಟಿಫ್ರ್ಯಾಕ್ ಯಂತ್ರವನ್ನು ತಾವೇ ಕಟ್ಟಿ ನಡೆಸಿದಾಗಲೂ ಅಷ್ಟೇ. ಮೈಸೂರಿನ ಎನ್‌ಐಇಯಲ್ಲಿ ಇನ್ಫೋಸಿಸ್‌ನ ನಾರಾಯಣ ಮೂರ್ತಿಯವರು ಪಡೆದದ್ದು ಎಲೆಕ್ಟ್ರಿಕಲ್ ಪದವಿ.

ಈ ಮಾತು ಮುಗಿಸುವಷ್ಟರಲ್ಲಿ ಯಾರಾದರೂ, ‘ಅದು ಆ ಕಾಲ ಸ್ವಾಮಿ, ಈಗ ಹಾಗಲ್ಲ’ ಅನ್ನುತ್ತಾರೆ. ಅರ್ಧ ನಿಜ. ಈ ಕಾಲದ್ದೇ ಬೇಕಿದ್ದರೆ ಮೈಸೂರಿನ ಹೆಬ್ಬಾಳದ ಇನ್ಫೋಸಿಸ್ ಆವರಣಕ್ಕೆ ಹೋಗಿ ನೋಡಿ. ಸಿವಿಲ್ ಓದಿದವರು, ಮೆಕ್ಯಾನಿಕಲ್ ಓದಿದವರು, ಸಿಮೆಂಟು, ಗೇರು, ಟರ್ಬೈನು ಎಂದು ನಾಲ್ಕು ವರ್ಷ ಕಳೆದವರು, ಅಲ್ಲಿ ಕೆಲವು ತಿಂಗಳ ತರಬೇತಿ ಪಡೆದು ಪ್ರೋಗ್ರಾಮರ್‌ಗಳಾಗಿ ಹೊರಬಂದಿದ್ದಾರೆ. ಅಂದರೆ ಕೋಡಿಂಗ್‌ಗೆ ನಾಲ್ಕು ವರ್ಷದ ಕಂಪ್ಯೂಟರ್ ಪದವಿಯೇ ಬೇಕು ಅಂತ ಉದ್ಯಮವೇ ನಂಬಿಲ್ಲ. ವಿಪ್ರೋ 1995ರಿಂದಲೇ ಬಿಎಸ್ಸಿ ಹುಡುಗರನ್ನು ತೆಗೆದುಕೊಂಡು, ಕೆಲಸ ಮಾಡಿಸುತ್ತಲೇ ಓದಿಸುವ ಏರ್ಪಾಟು ಮಾಡಿಕೊಂಡಿತು. ತಮಿಳುನಾಡಿನ ಜೋಹೋ ಇನ್ನೂ ಮುಂದೆ ಹೋಗಿ, 2004-05ರ ಹೊತ್ತಿಗೆ ಬೆರಳೆಣಿಕೆಯಷ್ಟು ಮಕ್ಕಳಿಂದ ತನ್ನದೇ ಶಾಲೆ ಆರಂಭಿಸಿತು. ಪಿಯುಸಿ, ಡಿಪ್ಲೊಮಾ ಮುಗಿಸಿದವರಿಗೆ ಹಣ ಕೊಟ್ಟು ಕಲಿಸಿ ಕೆಲಸಕ್ಕೆ ಇಟ್ಟುಕೊಂಡಿತು. ಹಾಗಿದ್ದರೂ ಕ್ಯಾಂಪಸ್ ಸಂದರ್ಶನದ ಫಲಕದಲ್ಲಿ ‘ಎಸೆಸೆಲ್ಸಿಯಿಂದ ಕೊನೆಯವರೆಗೂ ಶೇಕಡಾ 60’ ಎಂಬ ಸಾಲು ಯಾಕಿರುತ್ತದೆ? ಸಾವಿರಾರು ಅರ್ಜಿಯಲ್ಲಿ ಯಾರನ್ನು ಕರೆಯಬೇಕು ಎಂಬ ತೊಂದರೆ ಅವರದ್ದು. ಪದವಿ ಅಲ್ಲಿ ಜರಡಿಯ ಕೆಲಸ ಮಾಡುತ್ತದೆ. ಜರಡಿಗೆ ಅಕ್ಕಿಯ ರುಚಿ ಗೊತ್ತಿರುವುದಿಲ್ಲ, ಕಾಳಿನ ಗಾತ್ರ ಮಾತ್ರ ಗೊತ್ತು.

ಇಷ್ಟು ಹೇಳಿದ ಮಾತ್ರಕ್ಕೆ ಪದವಿ ದಂಡ ಅಂತ ನಾನು ಹೇಳಲಾರೆ. ಅದು ನನಗೆ ತಿಳಿದದ್ದು ನನ್ನ ಅಕ್ಕನ ಮಗಳಿಂದ.

ಆ ಹೊತ್ತಿಗೆ ನನ್ನ ಪದಬಂಧದ ಪ್ರೋಗ್ರಾಂ ನಡೆಯುತ್ತಿತ್ತು, ಆದರೆ ಕುಂಟುತ್ತಿತ್ತು. ನನ್ನ ಬಳಿ ಎರಡು ಪಟ್ಟಿ. ಇಪ್ಪತ್ತು ವರ್ಷದಲ್ಲಿ ಪದಬಂಧಕ್ಕೆ ಬಳಸಿದ ಪದಗಳು ಹತ್ತಿರ ಹತ್ತಿರ 40,000. ನಿಘಂಟುಗಳನ್ನು ನೋಡಿ ಸೇರಿಸಿಕೊಂಡದ್ದು 60,000. ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ್ದನ್ನು ಹೆಕ್ಕಬೇಕಿತ್ತು. ಮೊದಲ ಪಟ್ಟಿಯ ಒಂದೊಂದು ಪದವನ್ನೂ ಎತ್ತಿಕೊಂಡು ಎರಡನೆಯ ಪಟ್ಟಿಯ ತುದಿಯಿಂದ ಹುಡುಕು ಅಂತ ಬರೆದಿದ್ದೆ. ರನ್ ಕೊಟ್ಟು ಟೀ ಕುಡಿಯಲು ಹೋಗುತ್ತಿದ್ದೆ. ಕಂಪ್ಯೂಟರ್ ಹಳೆಯದಾಯಿತು, ಹೊಸದು ತೆಗೆದುಕೊಂಡರೆ ಸರಿಹೋಗುತ್ತದೆ ಎಂಬ ನಂಬಿಕೆ ನನ್ನದು.

ಅವಳು ದಾವಣಗೆರೆಯಲ್ಲಿ ಕಂಪ್ಯೂಟರ್ ಸೈನ್ಸ್ ಮೂರನೇ ವರ್ಷ ಓದುತ್ತಿದ್ದಳು. ದಸರಾ ರಜೆಗೆ ಬಂದವಳು ನನ್ನ ಹಿಂದೆ ನಿಂತು ಪರದೆ ನೋಡಿದಳು.

‘ಮಾವ, ಇದು ಯಾಕೆ ಇಷ್ಟು ಹೊತ್ತು?’

‘ಪದ ಜಾಸ್ತಿ ಇದೆಯಲ್ಲಮ್ಮ.’

‘ಪದ ಏನೂ ಜಾಸ್ತಿ ಇಲ್ಲ. ನೀವು ಲಿಸ್ಟ್ ಮಾಡಿಟ್ಟಿದ್ದೀರ. ಸೆಟ್ ಮಾಡಿ.’

ಅವಳೇ ಬಗ್ಗಿ ಒಂದು ಪದ ತಿದ್ದಿದಳು. ಎಂಟರ್ ಒತ್ತಿದ ಬೆರಳು ಮೇಲೇಳುವಷ್ಟರಲ್ಲಿ ಉತ್ತರ ಬಂದು ಕೂತಿತ್ತು. ನನಗೆ ಸಂತೋಷಕ್ಕಿಂತ ಹೆಚ್ಚಾಗಿ ಅವಮಾನ ಆಯಿತು. ಆಮೇಲೆ ಅಡುಗೆಮನೆಯ ಕಟ್ಟೆ ಮೇಲೆ ಕೂತು ಅವಳು ಬಿಡಿಸಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ.

40,000 ಪದಗಳಲ್ಲಿ ಒಂದೊಂದಕ್ಕೂ 60,000 ಪದಗಳ ಪಟ್ಟಿಯನ್ನು ತುದಿಯಿಂದ ತಡಕಿದರೆ, ಕೆಟ್ಟ ಲೆಕ್ಕದಲ್ಲಿ 240 ಕೋಟಿ ಹೋಲಿಕೆ. ನಾವು ಯಾರೂ ಕಿಟೆಲ್ ಕೋಶದಲ್ಲಿ ಹಾಗೆ ಪದ ಹುಡುಕುವುದಿಲ್ಲ. 1894ರ ಆ ಕೋಶದಲ್ಲಿ ಸುಮಾರು 70,000 ಪದಗಳಿವೆ. ‘ಮೊಗ್ಗು’ ಬೇಕಾದರೆ ಮಧ್ಯಕ್ಕೆ ತೆರೆಯುತ್ತೇವೆ, ‘ಪ’ ಬಂತೆಂದರೆ ಇನ್ನೂ ಹಿಂದಿದ್ದೇವೆ ಅಂತ ಮುಂದಕ್ಕೆ ಸರಿಯುತ್ತೇವೆ. ಪ್ರತಿ ಸಲವೂ ಉಳಿದ ಪುಟಗಳನ್ನು ಸರಿಯಾಗಿ ಅರ್ಧ ಮಾಡುತ್ತಾ ಹೋದರೆ 70,000 ಪದಗಳಲ್ಲಿ ಯಾವುದನ್ನಾದರೂ 17 ಸಲಕ್ಕಿಂತ ಹೆಚ್ಚು ನೋಡದೆ ಹಿಡಿಯಬಹುದು. ಕೋಶ ಇಮ್ಮಡಿಯಾದರೂ 18 ಆಗುತ್ತದೆ, ಅಷ್ಟೇ. ಪದಗಳು ಅಕಾರಾದಿಯಲ್ಲಿ ಇದ್ದರೆ ಮಾತ್ರ ಈ ಉಪಾಯ. ಓದಿದವರು ಇದನ್ನು ಬೈನರಿ ಸರ್ಚ್ ಅನ್ನುತ್ತಾರೆ.

ಅವಳು ಹಾಕಿಕೊಟ್ಟ ಸೆಟ್ ಅದಕ್ಕಿಂತ ಚುರುಕು. ಅದಕ್ಕೆ ನನಗೆ ಹೊಳೆದ ಹೋಲಿಕೆ ಅಚ್ಚುಕೂಟದ್ದು. ನಾನು ಕೆಲಸಕ್ಕೆ ಸೇರಿದಾಗ ಮೊಳೆ ಜೋಡಿಸುವ ಕಾಲ ಮುಗಿದಿತ್ತು. ಆದರೆ ಹಳೆಯ ಕಂಪೋಸಿಟರ್ ಒಬ್ಬರು ಆಫೀಸಿನಲ್ಲಿದ್ದರು, ಮೂಲೆಯಲ್ಲಿ ಧೂಳು ಹಿಡಿದ ಕೇಸುಗಳೂ ಇದ್ದವು. ಕೇಸು ಎಂದರೆ ಖಾನೆ ಖಾನೆಯಾಗಿ ಮಾಡಿದ ಮರದ ತಟ್ಟೆ. ಒಂದೊಂದು ಖಾನೆಗೂ ಒಂದೊಂದು ಅಚ್ಚುಮೊಳೆ. ‘ಕ್ಕ’ ಎಲ್ಲಿ ಅಂದರೆ ಅವರು ಕೇಸಿನ ಕಡೆ ನೋಡುತ್ತಲೂ ಇರಲಿಲ್ಲ, ಕೈ ನೇರ ಆ ಖಾನೆಗೆ ಹೋಗುತ್ತಿತ್ತು. ಹುಡುಕುವ ಪ್ರಶ್ನೆಯೇ ಇಲ್ಲ. ಅಕ್ಷರ ಗೊತ್ತಾದರೆ ಜಾಗ ಗೊತ್ತಾದಂತೆ. ಸೆಟ್ ಮಾಡುವುದೂ ಇದನ್ನೇ. ಪದದೊಳಗಿನ ಅಕ್ಷರಗಳ ಮೇಲೆ ಒಂದು ಲೆಕ್ಕ ಹಾಕಿ ಖಾನೆಯ ಸಂಖ್ಯೆ ಕಂಡುಕೊಂಡು ಆ ಖಾನೆಯನ್ನಷ್ಟೇ ತೆರೆದು ನೋಡುತ್ತದೆ. ಪಟ್ಟಿ ಎಷ್ಟು ಉದ್ದವಿದ್ದರೂ ಸರಿಸುಮಾರು ಅಷ್ಟೇ ಹೊತ್ತು.

ಕೋಡಿಂಗ್ ಬೇರೆ, ಕಂಪ್ಯೂಟರ್ ವಿಜ್ಞಾನ ಬೇರೆ ಎಂದು ಕೇಳಿದ್ದೆ. ಬೇರೆ ಅಂದರೆ ಏನು ಎಂದು ಆ ಸಂಜೆ ಗೊತ್ತಾಯಿತು. ಪ್ರೋಗ್ರಾಂ ಸರಿ ಉತ್ತರ ಕೊಟ್ಟರೆ ಸಾಕು ಅಂತ ಸ್ವಂತವಾಗಿ ಕಲಿತವನು ನಿಲ್ಲುತ್ತಾನೆ. ಆ ಉತ್ತರಕ್ಕೆ ಎಷ್ಟು ಬೆಲೆ ತೆತ್ತೆ, ಪಟ್ಟಿ ಹತ್ತುಪಟ್ಟಾದರೆ ಬೆಲೆ ಎಷ್ಟುಪಟ್ಟು ಆಗುತ್ತದೆ ಎಂದು ಕೇಳುವ ಅಭ್ಯಾಸ ತರಗತಿಯಲ್ಲಿ ಬರುತ್ತದೆ. ಡೇಟಾ ಸ್ಟ್ರಕ್ಚರ್, ಅಲ್ಗಾರಿದಮ್ ಎಂಬ ವಿಷಯಗಳನ್ನು ಹುಡುಗರು ‘ಇಂಟರ್ವ್ಯೂಗೆ ಬೇಕು’ ಅಂತ ಬಾಯಿಪಾಠ ಮಾಡುತ್ತಾರಲ್ಲ, ಅದು ಪಾಪ. ಅವು ವ್ಯವಹಾರದ ಲೆಕ್ಕಾಚಾರ, ಕಿರಾಣಿ ಅಂಗಡಿಯವರಿಗೂ ಅರ್ಥವಾಗುವಂಥದ್ದು. ಹೊರಗಿನವನು ಇವನ್ನು ಕಲಿಯಲಾರ ಎಂದೇನಿಲ್ಲ. ಆದರೆ ತನಗೆ ಇದು ಗೊತ್ತಿಲ್ಲ ಎಂಬುದೇ ಅವನಿಗೆ ಗೊತ್ತಿರುವುದಿಲ್ಲ. ಯಾರಾದರೂ ಹಿಂದೆ ನಿಂತು ‘ಮಾವ, ಇದು ಯಾಕೆ?’ ಅಂತ ಕೇಳಬೇಕು. ಕಾಲೇಜಿಗೆ ಹೋದವರಿಗೆ ಸಿಗುವ ನಿಜವಾದ ಲಾಭ ಇದು ಅನಿಸುತ್ತದೆ, ಹಿಂದೆ ನಿಲ್ಲುವವರು. ಸಿಲಬಸ್ಸು ಹೇಗೂ ಪುಕ್ಕಟೆ ಸಿಗುತ್ತದೆ.

ಓದಿದವರಿಗೂ ಗರ್ವಪಡಲು ಬಹಳ ಜಾಗ ಇಲ್ಲ ಬಿಡಿ. ಈ ಬೈನರಿ ಸರ್ಚ್ ಇದೆಯಲ್ಲ, ಅರ್ಧ ಮಾಡುತ್ತಾ ಹೋಗುವ ಸರಳ ಉಪಾಯ, ಅದು ಜಾವಾ ಭಾಷೆಯ ಅಧಿಕೃತ ಗ್ರಂಥಾಲಯದಲ್ಲಿ ವರ್ಷಗಟ್ಟಲೆ ತಪ್ಪಾಗಿತ್ತು. ಅದನ್ನು ಬರೆದ ಜೋಶುವಾ ಬ್ಲಾಕ್ ಅವರೇ 2006ರಲ್ಲಿ ಅದನ್ನು ಬಹಿರಂಗವಾಗಿ ಹೇಳಿಕೊಂಡರು. ಎರಡು ತುದಿಯ ಸಂಖ್ಯೆ ಕೂಡಿಸಿ ಎರಡರಿಂದ ಭಾಗಿಸಿದರೆ ಮಧ್ಯ ಸಿಗುತ್ತದೆ, ನಿಜ. ಆದರೆ ಪಟ್ಟಿ ನೂರು ಕೋಟಿ ದಾಟಿದಾಗ ಆ ಮೊತ್ತ ಕಂಪ್ಯೂಟರ್ ಅದಕ್ಕೆಂದು ಇಟ್ಟ ಜಾಗಕ್ಕೆ ಹಿಡಿಸದೆ ಉಕ್ಕಿ ಋಣ ಸಂಖ್ಯೆಯಾಗಿಬಿಡುತ್ತದೆ. ಅಷ್ಟು ದೊಡ್ಡ ಪಟ್ಟಿ ಯಾರೂ ಕೊಡದ ಕಾಲದಲ್ಲಿ ಬರೆದದ್ದು. ಕಾಲ ಬಂದಾಗ ಮುರಿಯಿತು. ಬ್ಲಾಕ್ ಅವರು ಕಂಪ್ಯೂಟರ್ ಸೈನ್ಸ್‌ನಲ್ಲಿ ಡಾಕ್ಟರೇಟ್ ಪಡೆದವರು.

ನನ್ನ ಮಟ್ಟಿಗೆ ಪದವಿಗಿಂತ ಎತ್ತರದ ಗೋಡೆ ಇಂಗ್ಲಿಷ್. ಪೈಥಾನ್ ಭಾಷೆಯ ಕಾಯ್ದಿಟ್ಟ ಪದಗಳು 35ರ ಆಸುಪಾಸು. ಇಫ್, ಎಲ್ಸ್, ಫಾರ್, ವೈಲ್ ಇಂಥವು. ಅಷ್ಟನ್ನು ಯಾರು ಬೇಕಾದರೂ ಒಂದು ವಾರದಲ್ಲಿ ಕಲಿಯುತ್ತಾರೆ. ಕಷ್ಟ ಅಲ್ಲಿಲ್ಲ. ತಪ್ಪಾದಾಗ ಕೆಂಪಕ್ಷರದಲ್ಲಿ ಬರುವ ಬೈಗುಳ, ಅದರ ಅರ್ಥ ಹುಡುಕಲು ಓದಬೇಕಾದ ಪುಟಗಳು, ಅಲ್ಲಿ ಯಾರೋ ಯಾರಿಗೋ ಅವಸರದಲ್ಲಿ ಕೊಟ್ಟ ಉತ್ತರ, ಎಲ್ಲವೂ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಿಂದ ಬಂದ ಹುಡುಗ ಲೂಪ್ ಅರ್ಥವಾಗದೆ ಬಿಡುವುದು ಕಡಿಮೆ; ಬೈಗುಳ ಅರ್ಥವಾಗದೆ ಬಿಡುತ್ತಾನೆ. ಈ ಗೋಡೆಗೆ ಒಂದು ಏಣಿ ಹಾಕಿದವರು ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯವರು. ಹತ್ತು ನಿಮಿಷದ ಆಸುಪಾಸಿನ ಪಾಠಗಳು, ಪರದೆಯ ಮೇಲೆ ಏನು ಮಾಡಬೇಕೋ ಅದನ್ನು ಮಾಡುತ್ತಲೇ ಹೇಳುವ ಧ್ವನಿ. ನೋಡುವವರು ಪಕ್ಕದಲ್ಲೇ ತಮ್ಮ ಕಂಪ್ಯೂಟರ್‌ನಲ್ಲಿ ಅದನ್ನೇ ಮಾಡಿ ನೋಡಬೇಕು. ಇವುಗಳಿಗೆ ಭಾರತದ ಹಲವು ಭಾಷೆಗಳಲ್ಲಿ ಧ್ವನಿ ಕೊಟ್ಟಿದ್ದಾರೆ, ಕನ್ನಡದಲ್ಲೂ. ಯೋಜನೆಯನ್ನು ಕಟ್ಟಿದ ಪ್ರೊಫೆಸರ್ ಕಣ್ಣನ್ ಮೌದ್ಗಲ್ಯ ಯಾವ ವಿಭಾಗದವರು ಗೊತ್ತೇ? ಕೆಮಿಕಲ್ ಎಂಜಿನಿಯರಿಂಗ್. ಕನ್ನಡ ಕಂಪ್ಯೂಟರಿನ ಕಥೆಯಲ್ಲಿ ರಸಾಯನದವರು ಮತ್ತೆ ಮತ್ತೆ ಬರುವುದಕ್ಕೆ ಕಾರಣ ಬಲ್ಲವರು ಹೇಳಬೇಕು.

ಪೈಥಾನ್ ಭಾಷೆಯೊಳಗೇ ಕನ್ನಡಕ್ಕೆ ನಾವಂದುಕೊಂಡದ್ದಕ್ಕಿಂತ ಹೆಚ್ಚು ಜಾಗವಿದೆ ಎಂಬುದು ತಡವಾಗಿ ತಿಳಿಯಿತು. ನಾವಿಡುವ ಹೆಸರುಗಳು ಇಂಗ್ಲಿಷಿನಲ್ಲೇ ಇರಬೇಕಿಲ್ಲ. ನನ್ನ ಪ್ರೋಗ್ರಾಮಿನಲ್ಲಿ ‘ಪದಪಟ್ಟಿ’, ‘ಮನೆ’, ‘ಸುಳಿವು’ ಎಂಬ ಹೆಸರುಗಳೇ ಓಡಾಡಿಕೊಂಡಿವೆ. ‘೧೦೮’ ಎಂದು ಕನ್ನಡ ಅಂಕಿಯಲ್ಲಿ ಬರೆದ ಪಠ್ಯವನ್ನು ಸಂಖ್ಯೆ ಮಾಡು ಎಂದರೆ ತಕರಾರಿಲ್ಲದೆ 108 ಮಾಡಿಕೊಡುತ್ತದೆ. ನಮ್ಮ ಬ್ಯಾಂಕಿನವರೇ ಕನ್ನಡ ಅಂಕಿ ಬರೆದ ಚೆಕ್ಕನ್ನು ಎರಡು ಸಲ ತಿರುಗಿಸಿ ನೋಡುವಾಗ, ನೆದರ್‌ಲೆಂಡ್ಸ್‌ನವರು ಮಾಡಿದ ಭಾಷೆಗೆ ಇಷ್ಟು ಸೌಜನ್ಯ.

ಇಲ್ಲಿ ಒಂದು ಅಡ್ಡಮಾತು. ಬೆಂಗಳೂರಿನ ಮಾರತ್‌ಹಳ್ಳಿ, ಬಿಟಿಎಂ ಲೇಔಟ್ ಕಡೆ ನಡೆದರೆ ‘ಮೂರು ತಿಂಗಳಲ್ಲಿ ಫುಲ್ ಸ್ಟ್ಯಾಕ್, ಕೆಲಸ ಗ್ಯಾರಂಟಿ’ ಎಂಬ ಬೋರ್ಡುಗಳು ಒಂದರ ಮೇಲೊಂದು. ನನಗೆ ಗೊತ್ತಿರುವ ಹುಡುಗನೊಬ್ಬ ಅಂಥ ಒಂದು ಕಡೆ ಸಾಲ ಮಾಡಿ ಸೇರಿದ. ಪಾಠ ಕೆಟ್ಟದಾಗಿತ್ತು ಅಂತಲ್ಲ, ಗ್ಯಾರಂಟಿ ಎಂಬ ಪದದ ಅರ್ಥ ಸಣ್ಣಕ್ಷರದಲ್ಲಿ ಬೇರೆ ಇತ್ತು. ಕೆಲಸ ಸಿಗುವ ಮೊದಲೇ ಕಂತು ಶುರುವಾಯಿತು. ಗೂಗಲ್‌ನಲ್ಲಿ ಸಂಶೋಧನಾ ವಿಭಾಗದ ನಿರ್ದೇಶಕರಾಗಿದ್ದ ಪೀಟರ್ ನಾರ್ವಿಗ್ ಇಂಥ ಅವಸರದ ಪುಸ್ತಕಗಳನ್ನು ನೋಡಿ ಬೇಸತ್ತು ಬರೆದ ಒಂದು ಪ್ರಬಂಧವಿದೆ. ಪ್ರೋಗ್ರಾಮಿಂಗ್ ಕಲಿಯಲು ಅವರು ಅದರ ಶೀರ್ಷಿಕೆಯಲ್ಲೇ ಕೊಡುವ ಅವಧಿ ಹತ್ತು ವರ್ಷ. ಸಂಗೀತ ಕಲಿಸುವವರನ್ನು ‘ಮೂರು ತಿಂಗಳಲ್ಲಿ ಕಛೇರಿ ಕೊಡಬಹುದೇ’ ಎಂದು ನಾವು ಕೇಳುವುದಿಲ್ಲ. ಸಾಲ ಮಾಡುವ ಮುಂಚೆ ಹಾರ್ವರ್ಡ್‌ನ ಸಿಎಸ್50 ಅಥವಾ ನಮ್ಮ ಐಐಟಿಗಳ ಎನ್‌ಪಿಟಿಇಎಲ್ ಪಾಠಗಳನ್ನು ಎರಡು ತಿಂಗಳು ನೋಡಿ, ಕೂತು ಮಾಡುವ ಚಟ ಹತ್ತುತ್ತದೆಯೋ ಇಲ್ಲವೋ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಹಾಗೆ ನೋಡುವುದಕ್ಕೆ ದುಡ್ಡು ಬೇಡ.

ಚಟ ಹತ್ತುವುದು ಪಾಠದಿಂದಲ್ಲ, ಸ್ವಂತ ತಾಪತ್ರಯದಿಂದ ಎಂಬುದು ನನ್ನ ಅನುಭವ. ಪುಸ್ತಕದಲ್ಲಿದ್ದ ತ್ರಿಕೋನದ ನಕ್ಷತ್ರಗಳು, ವಿದ್ಯಾರ್ಥಿಗಳ ಸರಾಸರಿ ಅಂಕಗಳು ಇವನ್ನೆಲ್ಲ ಮಾಡುವಾಗ ಆಕಳಿಕೆ ಬರುತ್ತಿತ್ತು. ‘ಪದವನ್ನು ಮನೆ ಮನೆಯಾಗಿ ಒಡೆ’ ಎಂಬ ನನ್ನ ಸ್ವಂತ ಲೆಕ್ಕ ಮಾತ್ರ ನಿದ್ದೆ ಕೆಡಿಸಿತು.

ನಿಯಮ ಕೇಳಿದರೆ ಸುಲಭ. ಕಾಗುಣಿತದ ಚಿಹ್ನೆ ಬಂದರೆ ಹಿಂದಿನ ಮನೆಗೇ ಸೇರಿಸು. ಸೊನ್ನೆ, ವಿಸರ್ಗ ಬಂದರೂ ಹಾಗೇ. ‘್’ ಬಂದರೂ ಹಾಗೇ. ವ್ಯಂಜನ ಬಂದರೆ ಹಿಂದಿರುವುದು ‘್’ ಆಗಿದೆಯೇ ನೋಡು. ಆಗಿದ್ದರೆ ಒತ್ತು, ಅದೇ ಮನೆ. ಇಲ್ಲದಿದ್ದರೆ ಹೊಸ ಮನೆ. ಮಿಕ್ಕ ಏನೇ ಬಂದರೂ ಹೊಸ ಮನೆ. ಬರೆದೆ. ವಿಕಟಕವಿ ಐದು ಮನೆಯಾಗಿ ಒಡೆದು, ತಿರುಗಿಸಿದಾಗ ಮತ್ತೆ ವಿಕಟಕವಿಯೇ ಆಯಿತು. ಮೊದಲ ಸಲ ‘ಟ್ರೂ’ ಎಂಬ ಪದ ಪರದೆಯ ಮೇಲೆ ಬಂದಾಗ ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. ಅವಳು ‘ಇದು ನಮಗೆ ಮೊದಲೇ ಗೊತ್ತಿತ್ತಲ್ಲ’ ಅಂದಳು.

ಮುಂದಿನ ವಾರ ‘ರಾಜ್‌ಕುಮಾರ್’ ಬಂದರು. ನಮ್ಮ ಎಣಿಕೆಯಲ್ಲಿ ರಾ, ಜ್, ಕು, ಮಾ, ರ್; ಐದು ಮನೆ. ಪ್ರೋಗ್ರಾಂ ಆರು ಅಂತು, ಮಧ್ಯದಲ್ಲೊಂದು ಖಾಲಿ ಮನೆ. ಖಾಲಿಯಲ್ಲಿ ಏನಿದೆ ಅಂತ ಎಷ್ಟು ನೋಡಿದರೂ ಕಾಣದು. ಎರಡು ರಾತ್ರಿ ಹೋದ ಮೇಲೆ ಅದರ ಸಂಖ್ಯೆ ತರಿಸಿ ನೋಡಿದಾಗ ಗೊತ್ತಾಯಿತು, ಅಲ್ಲೊಂದು ಅಕ್ಷರ ಇದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ‘ಜ್’ ಮತ್ತು ‘ಕು’ ಸೇರಿ ‘ಜ್ಕು’ ಆಗದಂತೆ ತಡೆಯಲು ಮಧ್ಯೆ ನಿಲ್ಲಿಸಿದ ಅದೃಶ್ಯ ಕಾವಲುಗಾರ. ನಾನು ಬುದ್ಧಿವಂತನಂತೆ ಅವನನ್ನು ಕಿತ್ತುಹಾಕಿದೆ. ಪ್ರೋಗ್ರಾಂ ಈಗ ನಾಲ್ಕು ಅಂತು. ಕಾವಲು ಹೋದೊಡನೆ ರಾ, ಜ್ಕು, ಮಾ, ರ್. ಕೀಳಬಾರದು, ಹಿಂದಿನ ಮನೆಯಲ್ಲೇ ಒಂದು ಮೂಲೆ ಕೊಟ್ಟು ಕೂರಿಸಬೇಕು ಎಂದು ತಿಳಿಯಲು ಮತ್ತೊಂದು ಸಂಜೆ ಬೇಕಾಯಿತು.

ಇದನ್ನು ಫೋನಿನಲ್ಲಿ ಅಕ್ಕನ ಮಗಳಿಗೆ ಹೇಳಿದೆ. ಈಗ ಅವಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಯೂನಿಕೋಡ್ ಬಗ್ಗೆ ಅವಳ ನಾಲ್ಕು ವರ್ಷದ ಓದಿನಲ್ಲಿ ಬಂದದ್ದು ಅರ್ಧ ಪುಟವಂತೆ. ‘ಮಾವ, ನಮ್ಮ ಆ್ಯಪ್‌ನಲ್ಲಿ ಹೆಸರು ಇಪ್ಪತ್ತು ಅಕ್ಷರ ಮೀರಬಾರದು ಅಂತ ಇಟ್ಟಿದ್ದೀವಿ. ಕನ್ನಡದಲ್ಲಿ ಹೆಸರು ಬರೆಯುವವರು ಸಾಲುವುದಿಲ್ಲ ಅಂತ ದೂರು ಕೊಡ್ತಿದ್ರು. ನಮಗೆ ಯಾಕೆ ಅಂತ ಗೊತ್ತಾಗಿರಲಿಲ್ಲ’ ಅಂದಳು. ಅವಳಿಗೆ ಎಫ್ ಕೀಲಿಯ ವಿಷಯ ಹೇಳಿದೆ. ಇಪ್ಪತ್ತೈದು ನಿಮಿಷ ಹಿಡಿಯಿತು. ನಡುವೆ ಅವಳು ಬರೆದುಕೊಳ್ಳುವ ಸದ್ದು ಕೇಳುತ್ತಿತ್ತು.

ಎಐ ಹತ್ತಿರ ಕೇಳಿದರೆ ಒಂದು ನಿಮಿಷದಲ್ಲಿ ಬರೆದುಕೊಡುತ್ತದಲ್ಲ ಅಂತ ಕೇಳುವವರಿದ್ದಾರೆ. ಕೊಡುತ್ತದೆ, ನಾನೂ ಕೇಳುತ್ತೇನೆ. ಕೊಟ್ಟದ್ದನ್ನು ಪರೀಕ್ಷಿಸಲು ಯಾವ ಪದ ಹಾಕಬೇಕು ಎಂಬುದು ಮಾತ್ರ ನನ್ನ ತಲೆಯಿಂದಲೇ ಬರಬೇಕು. ‘ಕನಕ’ ಹಾಕಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಮೊನ್ನೆ ಪದಬಂಧಕ್ಕೆ ‘ಪರೀಕ್ಷೆಯಲ್ಲಿ ಮೊದಲಿಗರಿಗೆ ಸಿಗುವುದು’ ಎಂದು ಸುಳಿವು ಬರೆದು, ಉತ್ತರಕ್ಕೆ ‘ರ‍್ಯಾಂಕ್’ ಅಂತ ಟೈಪ್ ಮಾಡಿದೆ. ಎರಡು ಮನೆಯ ಪದ. ಪ್ರೋಗ್ರಾಂ ಮೂರು ಅಂತು. ಮೊದಲ ಮನೆಯಲ್ಲಿ ಒಂಟಿ ‘ರ’. ಎರಡನೆಯದರಲ್ಲಿ ಯಾವುದಕ್ಕೂ ಸೇರದ ‘ಯ’ ಒತ್ತು ತೂಗಾಡುತ್ತಿದೆ. ಇಲ್ಲೂ ಒಬ್ಬ ಅದೃಶ್ಯ ಇದ್ದಾನೆ, ಆದರೆ ಇವನು ರಾಜ್‌ಕುಮಾರ್ ಹೆಸರಿನಲ್ಲಿದ್ದವನಲ್ಲ, ಅವನ ತಮ್ಮ. ಸಂಖ್ಯೆ ಒಂದು ಹೆಚ್ಚು, ಕೆಲಸ ತದ್ವಿರುದ್ಧ: ಅವನು ಬಿಡಿಸುತ್ತಿದ್ದ, ಇವನು ಕೂಡಿಸುತ್ತಾನೆ. ಪುಟ ಸಂಜೆ ಆರಕ್ಕೆ ಹೋಗಬೇಕಿತ್ತು. ಆ ಪದ ತೆಗೆದು ‘ಪದಕ’ ಅಂತ ಹಾಕಿ, ಒಂದು ಮನೆ ಜಾಸ್ತಿ ಬರೆದು ಕಳಿಸಿದೆ.